ಕಾರ್ಡಿಗೆ ಒಪ್ಪಿದ ಮತ್ತಿನ ಡಾಕ್ಟರು

ಪಾಲಮ್ಮನ ಬಾಯಿ ಜೋರು, ಬಾಯಿಗಿಂತ ಕಾಲು ಜೋರು ಎಂದು ದೇವಸಮುದ್ರದ ಸುತ್ತಿನ ಹಟ್ಟಿಗಳಲ್ಲಿ ಮಾತಿತ್ತು. ರೇಷನ್ ಅಂಗಡಿಯವನು ಸೀಮೆಎಣ್ಣೆ ಮುಗಿಯಿತು ಅಂದ ದಿನ ಮೊಳಕಾಲ್ಮುರಿನ ತಾಲ್ಲೂಕು ಕಚೇರಿಗೇ ಹೋಗಿ, ಸಾಹೇಬರ ಚೀಟಿ ತಂದು, ಕ್ಯಾನು ತುಂಬಿಸಿಕೊಂಡು ಹೋದವಳು ಅವಳು. ಅಂಥವಳಿಗೆ ಸಿಕ್ಕ ಗಂಡ ಚಿಕ್ಕೀರಪ್ಪ ಮಾತ್ರ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಅವನು ದೇವರ ದನಗಳ ಕಿಲಾರಿ. ಹಟ್ಟಿಯ ದೇವರಿಗೆ ಬಿಟ್ಟ ಎಂಬತ್ತು ದನಗಳನ್ನು ಮೇಯಿಸಿಕೊಂಡು, ಅವುಗಳನ್ನು ಕೂಡುವ ಮುಳ್ಳುಬೇಲಿಯ ರೊಪ್ಪದಲ್ಲೇ ಮಲಗಿಕೊಂಡು ಇಪ್ಪತ್ತೆಂಟು ವರ್ಷ ಕಳೆದಿದ್ದ. ಆ ದನಗಳ ಹಾಲನ್ನು ಮಾರುವಂತಿಲ್ಲ, ಒಲೆಗೆ ಇಡುವಂತಿಲ್ಲ. ಬೆಳಗಿನ ಮೊದಲ ಹಾಲು ಮೀಸಲು. ದೇವರ ಕಲ್ಲಿಗೆ ನಾಲ್ಕು ಹನಿ ಎರೆದು, ಉಳಿದ ಚೊಂಬನ್ನು ಕಿಲಾರಿ ಕುಡಿದ ಮೇಲೆಯೇ ರೊಪ್ಪದ ಮುಳ್ಳು ಸರಿಸಬೇಕು. ಅದನ್ನು ಯಾರೂ ಊಟವೆಂದು ಎಣಿಸಿದ್ದಿಲ್ಲ. ಒಪ್ಪೊತ್ತಿನ ದಿನವಾಗಲಿ, ಪೂರ್ತಿ ಉಪವಾಸದ ದಿನವಾಗಲಿ, ಅವನು ಮೀಸಲು ಕುಡಿದೇ ಬಾಯಿ ಕಟ್ಟುತ್ತಿದ್ದ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಚಿಕ್ಕೀರಪ್ಪನ ತೊಡೆಸಂದಿಗೆ ಕರುಳು ಇಳಿಯಿತು. ಮೊದಲು ನಿಂಬೆಗಾತ್ರ, ಆಮೇಲೆ ತೆಂಗಿನಕಾಯಿ ಗಾತ್ರ. ದನದ ಹಿಂದೆ ನಾಲ್ಕು ಹೆಜ್ಜೆ ಇಟ್ಟರೆ ಕೂತುಬಿಡುತ್ತಿದ್ದ. ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿನ ಸರ್ಜನ್ನು ಒತ್ತಿ ನೋಡಿ, ಹರ್ನಿಯಾ, ತಡ ಮಾಡಿದರೆ ಕರುಳು ಸಿಕ್ಕಿಹಾಕಿಕೊಂಡು ಕೊಳೆಯುತ್ತೆ, ಆಮೇಲೆ ನನ್ನ ಕೈಯಲ್ಲಿ ಇಲ್ಲ ಎಂದರು.

ಪಾಲಮ್ಮ ಹೆದರಲಿಲ್ಲ. ಅವಳ ಹತ್ತಿರ ಉಣ್ಣೆ ಸೊಸೈಟಿಯ ಆರೋಗ್ಯ ಕಾರ್ಡು ಇತ್ತು. ಕಂಬಳಿಗೆ ನೂಲುವ ಹೆಂಗಸರಿಗೆಲ್ಲ ಕಾರ್ಯದರ್ಶಿ ರಾಜಣ್ಣ ಮಾಡಿಸಿಕೊಟ್ಟಿದ್ದ. ಅದಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಆಪರೇಷನ್ನು ಪುಕ್ಕಟೆ. ನರ್ಸಿಂಗ್ ಹೋಮು ಕಾರ್ಡು ಒಪ್ಪಿತು, ಸರ್ಜನ್ನೂ ಒಪ್ಪಿದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಬೇರೆಯವರಿಗಾದರೆ ಬೆನ್ನಿಗೆ ಒಂದು ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿ ಸರ್ಜನ್ನೇ ಕೆಲಸ ಮುಗಿಸುತ್ತಿದ್ದರು. ಚಿಕ್ಕೀರಪ್ಪನ ಬೆನ್ನನ್ನು ಹರೆಯದಲ್ಲೇ ಹೋರಿಯೊಂದು ಎತ್ತಿ ಒಗೆದು ಸೊಟ್ಟ ಮಾಡಿತ್ತು, ಸೂಜಿ ಇಳಿಯುವಂತಿರಲಿಲ್ಲ. ಪೂರ್ತಿ ಮತ್ತು ಕೊಡಬೇಕು, ಅದಕ್ಕೆ ಮತ್ತಿನ ಡಾಕ್ಟರೇ ಬೇಕು. ಅವರು ಆಸ್ಪತ್ರೆಯವರಲ್ಲ, ಕರೆದರೆ ಹೊರಗಿಂದ ಬರುವವರು.

"ಕಾರ್ಡು ನಮ್ಗೆ ನಡಿತೈತಮ್ಮ, ಅವ್ರಿಗೆ ನಡಿಯಲ್ಲ. ಒಪ್ಪೋ ಮತ್ತಿನ ಡಾಕ್ಟ್ರನ್ನ ನೀನೇ ಹುಡುಕ್ಕೊಂಡು ಬಾ," ಎಂದಳು ಕೌಂಟರಿನ ಹುಡುಗಿ ಸ್ವಪ್ನ.

ಹುಡುಕಿದಳು. ಚಳ್ಳಕೆರೆಯಲ್ಲಿ ಇಬ್ಬರು, ಚಿತ್ರದುರ್ಗದಲ್ಲಿ ಇಬ್ಬರು, ಬಳ್ಳಾರಿಯಲ್ಲಿ ಒಬ್ಬರು. ಒಬ್ಬರು ಕಾರ್ಡನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. ಇನ್ನೊಬ್ಬರು, ಈ ಕಾರ್ಡಿನ ದುಡ್ಡು ಬರೋದರಲ್ಲಿ ನಾನೇ ರಿಟೈರ್ ಆಗ್ತೀನಿ ಅಂದರು. ಬಳ್ಳಾರಿಯವರ ಮನೆ ಗೇಟಿನಿಂದ ಒಳಗೇ ಬಿಡಲಿಲ್ಲ. ಇಪ್ಪತ್ತು ದಿನದಲ್ಲಿ ಅವಳ ಕಾಲು ಬಾತು ಚಪ್ಪಲಿಗೆ ಹಿಡಿಸದಾಯಿತು. ಸಿಟ್ಟಿಗೆ ಅಳು ಬರುತ್ತಿತ್ತು, ಅಳುವುದಕ್ಕೆ ನಾಚಿಕೆಯಾಗಿ ಮತ್ತೆ ಸಿಟ್ಟು ಬರುತ್ತಿತ್ತು.

ಆರನೆಯವರು ರವಿಕಿರಣ್. ಚಿಕ್ಕ ವಯಸ್ಸಿನ ಡಾಕ್ಟರು, ಶುಕ್ರವಾರ ಶುಕ್ರವಾರ ಚಳ್ಳಕೆರೆಗೆ ಬರುತ್ತಿದ್ದರು. ಕಾರು ಹತ್ತುವಾಗ ಪಾಲಮ್ಮ ಬಾಗಿಲು ಹಿಡಿದು ನಿಂತಳು. ಅವರು ಕಾರ್ಡನ್ನು ನೋಡಲಿಲ್ಲ, ಅವಳ ಪಾದ ನೋಡಿದರು.

"ಎಷ್ಟು ಜನರ ಹತ್ರ ಹೋಗಿದ್ರಿ?"

"ಐದು ಜನ, ಸ್ವಾಮಿ. ನೀವು ಒಲ್ಲೆ ಅಂದ್ರೆ ಆರನೇರು. ನಾಳೆ ಏಳನೇರ್ನ ಹುಡುಕ್ತೀನಿ."

ರವಿಕಿರಣ್ ನಕ್ಕುಬಿಟ್ಟರು. "ಕಾರ್ಡಿನವರು ಕೊಟ್ಟಾಗ ಕೊಡಲಿ. ಮುಂದಿನ ಶುಕ್ರವಾರ ಕರ್ಕೊಂಡು ಬನ್ನಿ."

ಪಾಲಮ್ಮನಿಗೆ ಹಿಗ್ಗೋ ಹಿಗ್ಗು. ಬಸ್ಸಿನಲ್ಲಿ ಹೇಳಿದಳು, ಬಾವಿಕಟ್ಟೆಯಲ್ಲಿ ಹೇಳಿದಳು, ಸೊಸೈಟಿಯಲ್ಲಿ ಹೇಳಿದಳು. ಅವಳ ಜತೆ ನೂಲುವ ಹೊನ್ನಕ್ಕನ ಕುತ್ತಿಗೆಯಲ್ಲಿ ಎರಡು ವರ್ಷದಿಂದ ಗಂಟು ಬೆಳೆದು ಉಸಿರಿಗೆ ಅಡ್ಡವಾಗಿತ್ತು. ಅವಳಿಗೂ ಇದೇ ಕಾರ್ಡು, ಅವಳಿಗೂ ಮತ್ತಿನ ಡಾಕ್ಟರು ಸಿಕ್ಕಿರಲಿಲ್ಲ. ಪಾಲಮ್ಮ ತಾನೇ ಹೋಗಿ ಅದರ ಮುಂದಿನ ಶುಕ್ರವಾರಕ್ಕೆ ಹೊನ್ನಕ್ಕನ ಹೆಸರು ಬರೆಸಿ ಬಂದಳು.

ಗುರುವಾರವೇ ಬಂದು ಮಲಗಿ ಎಂದಿದ್ದರು. ಚಿಕ್ಕೀರಪ್ಪ ಕೇಳಲಿಲ್ಲ. ದನ ಬಿಟ್ಟು ಒಂದು ರಾತ್ರಿ ಹೆಚ್ಚಿಗೆ ಇರಲಾರೆ, ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತೇನೆ ಎಂದ. ನರ್ಸು ಆಶಾ ಬೆರಳು ಮಡಚಿ ಹೇಳಿ ಕಳಿಸಿದ್ದಳು. ರಾತ್ರಿ ಉಂಡಿದ್ದೇ ಕೊನೆ. ಬೆಳಿಗ್ಗೆ ಏನೂ ತಿನ್ನಂಗಿಲ್ಲ, ನೀರೂ ಕುಡಿಯಂಗಿಲ್ಲ.

ಪಾಲಮ್ಮ ಅದನ್ನು ದೇವರ ಮಾತಿನಂತೆ ಪಾಲಿಸಿದಳು. ಶುಕ್ರವಾರ ನಸುಕಿಗೆ ರೊಪ್ಪಕ್ಕೆ ಹೋಗಿ ನೀರಿನ ಗಡಿಗೆ ಬೋರಲು ಹಾಕಿದಳು. ಗಂಡನ ಸೊಂಟದಿಂದ ಎಲೆಅಡಿಕೆ ಚೀಲ ಕಿತ್ತುಕೊಂಡಳು. ಬಾಯಿ ಮುಕ್ಕಳಿಸುತ್ತೇನೆ ಎಂದರೂ ಬಿಡಲಿಲ್ಲ. ಅವನು ಕೋಲನ್ನು ತಮ್ಮ ಚಿನ್ನಯ್ಯನ ಕೈಗಿಟ್ಟು, ಕೊನೆಯ ಸಲ ಕೂತು ಮೊದಲ ಹಾಲು ಕರೆದ. ಪಾಲಮ್ಮ ಕಲ್ಲಿಗೆ ನಾಲ್ಕು ಹನಿ ಎರೆದು ಚೊಂಬನ್ನು ತಾನೇ ಗಂಡನ ಕೈಗೆ ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಮೀಸೆ ಒರೆಸಿಕೊಂಡ. ಇಬ್ಬರೂ ಬಸ್ಸು ಹತ್ತಿದರು.

"ಏನಾದ್ರೂ ತಿಂದಿದ್ದಾರಾ? ಕುಡಿದಿದ್ದಾರಾ?" ಎಂದು ಆಶಾ ಕೇಳಿದಳು.

"ಬಾಯಿ ಮುಕ್ಕಳ್ಸಾಕೂ ಬಿಟ್ಟಿಲ್ಲ ಕಣವ್ವ," ಎಂದಳು ಪಾಲಮ್ಮ, ಹೆಮ್ಮೆಯಿಂದ.

ರವಿಕಿರಣ್ ಬಂದು ತಾವೂ ಒಮ್ಮೆ ಕೇಳಿದರು. ಚಿಕ್ಕೀರಪ್ಪ ತಲೆಯಾಡಿಸಿ, ಹೊಟ್ಟೆ ಖಾಲಿ ಐತ್ರಿ ಎಂದ. ಒಂಬತ್ತೂವರೆಗೆ ಒಳಗೆ ಕರೆದುಕೊಂಡು ಹೋದರು. ಹತ್ತು ಗಂಟೆಗೆ ಒಳಗೆ ಓಡಾಟ ಕೇಳಿತು. ಹನ್ನೊಂದಕ್ಕೆ ಸರ್ಜನ್ನು ಹೊರಗೆ ಬಂದು ಗೋಡೆ ನೋಡಿಕೊಂಡು ಮಾತಾಡಿದರು. ಮತ್ತು ಹತ್ತುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರಿನ ಕೊಳವೆಗೆ ಇಳಿಯಿತು, ಉಳಿಸಿಕೊಳ್ಳೋಕೆ ಆಗಲಿಲ್ಲ ಎಂದರು. ಕತ್ತಿ ಇನ್ನೂ ಮುಟ್ಟಿಸಿಯೇ ಇರಲಿಲ್ಲ.

ರವಿಕಿರಣ್ ಹಿಂದೆಯೇ ಬಂದರು. ಅವರ ಅಂಗಿಯ ಮುಂದೆ ಬಿಳಿ ಕಲೆಯಿತ್ತು. "ಅಷ್ಟು ಹಾಲು ಎಲ್ಲಿಂದ ಬಂತಮ್ಮ?"

ಪಾಲಮ್ಮನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಅದು ಮೀಸಲು, ಸ್ವಾಮಿ. ಅದು ಊಟ ಅಲ್ಲ."

ಹಾಗೆಂದ ಮೇಲೆ ಅವಳಿಗೆ ತಿಳಿಯಿತು. ಪಾಲಮ್ಮ ಅಲ್ಲೇ ನೆಲದ ಮೇಲೆ ಕೂತಳು. ರವಿಕಿರಣ್ ಕೌಂಟರಿನ ಹತ್ತಿರ ನಿಂತು ಸ್ವಪ್ನಳಿಗೆ ಹೇಳಿದ್ದು ಮಾತ್ರ ಕಿವಿಗೆ ಬಿತ್ತು. ಕಾರ್ಡಿನ ಕೇಸಿಗೆ ಇನ್ನು ನನ್ನ ಕರೀಬೇಡಿ. ಕೊಡೋದು ಮೂರು ಕಾಸು, ಹೋಗೋದು ನನ್ನ ಹೆಸರು.

ಹನ್ನೊಂದನೆಯ ದಿನ ಹೊನ್ನಕ್ಕ ಬಂದಳು. ಶುಕ್ರವಾರ ನರ್ಸಿಂಗ್ ಹೋಮಿಗೆ ಹೋದವಳನ್ನು ಬಾಗಿಲಿಂದಲೇ ವಾಪಸ್ಸು ಕಳಿಸಿದ್ದರು. ಕೂಡು ಎಂದರೂ ಕೂಡಲಿಲ್ಲ.

"ಗಂಡನ್ನ ನೀನು ಕೊಂದ್ಕೊಂಡೆ, ಅದು ನಿನ್ನ ಹಣೆಬರ. ನಂಗೆ ಸಿಕ್ಕಿದ್ದ ಡಾಕ್ಟ್ರನ್ನ ಯಾಕೆ ಕಳ್ದೆ ಪಾಲಕ್ಕ?" ಎಂದಳು. ಮಾತಿನ ನಡುನಡುವೆ ಉಸಿರು ಗೊರಗೊರ ಅನ್ನುತ್ತಿತ್ತು.

ಗಂಡ ಸತ್ತವಳು ತಿಂಗಳು ಹೊಸಿಲು ದಾಟಬಾರದು ಎಂದು ಹಟ್ಟಿಯವರು ಬಾಯಿಬಾಯಿ ಬಡಿದುಕೊಂಡರು. ಪಾಲಮ್ಮ ದಾಟಿದಳು. ಮುಂದಿನ ಶುಕ್ರವಾರ ಹೊನ್ನಕ್ಕನನ್ನು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, ಅವಳ ಕಾರ್ಡು ಹಿಡಿದು, ಅದೇ ಕಾರಿನ ಪಕ್ಕ ನಿಂತಳು. ರವಿಕಿರಣ್ ಬಂದವರು ಅವಳನ್ನು ನೋಡಿ ಮುಖ ಬಿಗಿದುಕೊಂಡರು.

"ನನ್ನ ಮೇಲಿನ ಸಿಟ್ಟು ಇವಳ ಮೇಲೆ ಬ್ಯಾಡ ಸ್ವಾಮಿ. ಇವಳ ಬಾಯಿಗೆ ಹಾಲು ಸೋಕಲ್ಲ. ರಾತ್ರಿಯಿಡೀ ಪಕ್ಕದಲ್ಲಿ ಕೂತು ನಾನೇ ಕಾಯ್ತೀನಿ."

ಅವರು ಬೀಗದ ಕೈ ತಿರುಗಿಸುತ್ತ, ದನಿ ಎತ್ತದೆ ಹೇಳಿದರು. "ಅವರನ್ನೂ ನೀವೇ ಅಲ್ವೇನಮ್ಮ ಕಾದಿದ್ದು."

ಕಾರು ಹೋಯಿತು. ಪಾಲಮ್ಮ ಬಸ್ ಸ್ಟ್ಯಾಂಡಿಗೆ ನಡೆದಳು. ಹೊನ್ನಕ್ಕ ಸೆರಗಿನಿಂದ ಗಂಟು ಮುಚ್ಚಿಕೊಂಡು ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದಳು.

"ಏನಂದ್ರು?"

"ಒಲ್ಲರಂತೆ," ಎಂದು ಪಾಲಮ್ಮ ಕಾರ್ಡನ್ನು ಅವಳ ಮಡಿಲಿಗೆ ಹಾಕಿದಳು. ಏಳನೆಯವರನ್ನು ಹುಡುಕುತ್ತೇನೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.