ಅಪ್ಪನ ಗಾಡಿಯ ರಬ್ಬರು

ಸತ್ತ ಅಪ್ಪನನ್ನು ನೆನೆದರೆ ಮಂದಿಗೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಅವನು ಹೋಗಿ ಎಷ್ಟೋ ವರ್ಷವಾಯಿತು, ನನ್ನ ತಲೆಯೂ ಹಣ್ಣಾಯಿತು. ಆದರೂ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಆ ಶ್ರಾವಣದ ಸಿಟ್ಟು ಹಾಗೆಯೇ ನೆತ್ತಿಗೇರುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ರಸ್ತೆ ಮಾಡಿಸುವ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದವನು, ನಿವೃತ್ತಿಯಾಗಿ ಜೇವರ್ಗಿಯ ನಮ್ಮ ಮನೆಯಲ್ಲಿದ್ದ. ಸುಮ್ಮನೆ ಕೂಡುವ ಜೀವವಲ್ಲ. ಆಳಂದದ ಒಬ್ಬ ಮುದಿ ವಕೀಲರ ಗೋದಾಮಿನಲ್ಲಿ ತೊಗರಿ ಚೀಲಗಳ ಹಿಂದೆ ಬಿದ್ದಿದ್ದ ವಿಲಾಯಿತಿ ಕಾರೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ತಂದ. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂತಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಇದು ಓಟದ ಕಾರು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನೀನು ಮಾಡಿಸಿದ ರಸ್ತೆಯ ಮೇಲೆ ಇದು ಓಡುತ್ತದೆಯೇ ಎಂದು ಅವ್ವ ಒಮ್ಮೆ ಕೇಳಿಬಿಟ್ಟಳು. ಎರಡು ದಿನ ಅವಳೊಂದಿಗೆ ಮಾತು ಬಿಟ್ಟ.

ಎರಡು ವರ್ಷ ಒದ್ದಾಡಿ ಎಂಜಿನ್ನಿಗೆ ಜೀವ ತರಿಸಿದ. ಸೊಲ್ಲಾಪುರಕ್ಕೆ ಒಯ್ದು ಕೆಂಪು ಬಣ್ಣ ಹೊಡೆಸಿದ. ಬಣ್ಣಕ್ಕೆಂದು ಗಾಜುಗಳನ್ನೂ ಅವುಗಳ ಸುತ್ತಲಿನ ರಬ್ಬರನ್ನೂ ಬಿಚ್ಚಿದ್ದರು. ಹಳೆಯ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊಸದು ಹೈದರಾಬಾದಿನಿಂದ ತಟ್ಟಿನ ಚೀಲದಲ್ಲಿ ಬಸ್ಸಿನ ಮೇಲೆ ಬಂತು. ಅದೇ ಬಸ್ಸಿನಿಂದ ನಾನೂ ಇಳಿದೆ. ಅಫಜಲಪುರದಲ್ಲಿದ್ದ ಗಂಡನ ಮನೆ ಬಿಟ್ಟು, ಕಲಬುರ್ಗಿಯಲ್ಲಿ ಬಸ್ಸು ಬದಲಿಸಿ, ಒಂದು ಬ್ಯಾಗು ಹಿಡಿದು ಬಂದಿದ್ದೆ. ಅಪ್ಪ ರಬ್ಬರಿನ ಚೀಲವನ್ನು ಎರಡೂ ಕೈಯಲ್ಲಿ ಇಳಿಸಿಕೊಂಡ. ನನ್ನ ಬ್ಯಾಗನ್ನು ನಾನೇ ಹೊತ್ತು ಮನೆಗೆ ನಡೆದೆ.

ಗಂಡನದು ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ನಾಲ್ಕು ವರ್ಷ ಅದರ ಗಲ್ಲಾದ ಮೇಲೆ ಕೂತಿದ್ದೆ. ಟ್ಯೂಬು, ಬೆಲ್ಟು, ವಾಷರು, ಯಾವುದು ಗಟ್ಟಿ ಯಾವುದು ಬೋಗಸ್ ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ. ಬೆಲ್ಟಿನ ಪೆಟ್ಟು ಹೇಗಿರುತ್ತದೆ ಎನ್ನುವುದೂ ಅಲ್ಲಿಯೇ ಗೊತ್ತಾಯಿತು. ಮೊದಲ ಸಲ, ಗಿರಾಕಿಗೆ ತಪ್ಪು ಸಾಮಾನು ಕೊಟ್ಟೆನೆಂದು ಗೂಟಕ್ಕೆ ನೇತುಹಾಕಿದ್ದ ಫ್ಯಾನ್ ಬೆಲ್ಟ್ ತೆಗೆದು ಹೊಡೆದ. ಆಮೇಲಾಮೇಲೆ ಅವನಿಗೆ ಕಾರಣವೂ ಬೇಕಾಗಲಿಲ್ಲ. ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳು. ನಾನು ಅಡುಗೆಮನೆಯಲ್ಲಿದ್ದೆ, ಅವನ ಉತ್ತರ ಕೇಳಿಸಿತು.

"ಗಂಡ ಹೆಂಡ್ರ ಜಗಳ ಎಲ್ಲಿ ಇಲ್ಲ? ನಾಕ ದಿನದಾಗ ತಣ್ಣಗಾಗ್ತದ. ಬೀಗರಿಗೆ ಕಾಗದ ಹಾಕೇನಿ, ಸೋಮವಾರ ಬರ್ತಾರ."

ನನ್ನನ್ನು ಒಂದು ಮಾತು ಕೇಳಲಿಲ್ಲ. ಅವನ ಲೆಕ್ಕ ಇಷ್ಟು: ಸೋಮವಾರ ಬೀಗರು ಬರಬೇಕು, ಮಾತು ಮುಗಿಸಬೇಕು, ಅವರು ತಮ್ಮ ಜೀಪಿನಲ್ಲಿ ಮುಂದೆ ಹೋಗಬೇಕು. ಹಿಂದೆ ಅಪ್ಪ ಹೊಸ ಕೆಂಪು ಗಾಡಿಯಲ್ಲಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿ, ಅಫಜಲಪುರಕ್ಕೆ ಮುಟ್ಟಿಸಬೇಕು. ಗಾಡಿಯ ಮೊದಲ ಸವಾರಿಯೂ ಆಯಿತು, ಮಗಳ ಕೆಲಸವೂ ಆಯಿತು. ಮಳೆಗಾಲ, ಗಾಜು ಕೂಡಿಸದೆ ಹೋಗುವಂತಿಲ್ಲ. ಗಾಜು ಕೂಡಿಸುವುದಕ್ಕೆ ಇಬ್ಬರು ಬೇಕು. ಮೂರು ದಿನ ನನ್ನ ಮುಖ ನೋಡದಿದ್ದ ಅಪ್ಪ ಶನಿವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹಿತ್ತಲಿನಿಂದ ಕೂಗಿದ.

"ಬಾ ಬೇ, ಒಂದಿಷ್ಟ ಕೈ ಹಚ್ಚು."

ಮೈಯೆಲ್ಲ ಉರಿಯಿತು. ಆದರೂ ಹೋದೆ. ಯಾಕೆ ಹೋದೆನೋ, ಆ ವಯಸ್ಸಿನ ನನ್ನ ಮೇಲೂ ನನಗೆ ಸಿಟ್ಟಿದೆ.

ಅವ್ವ ಬಟ್ಟಲಲ್ಲಿ ಕುಸುಬಿ ಎಣ್ಣೆ ತಂದಿಟ್ಟಿದ್ದಳು. ನಮ್ಮ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ ಕುಸುಬಿ ಎಣ್ಣೆ, ಮೊಣಕಾಲು ನೋವಾದರೂ ಕುಸುಬಿ ಎಣ್ಣೆ. ಅಪ್ಪ ಆಗಲೇ ಬೆರಳು ಅದ್ದಿದ್ದ.

"ಎಣ್ಣಿ ಹಚ್ಚಬ್ಯಾಡ. ವಾರದಾಗ ರಬ್ಬರ್ ಉಬ್ಬಿ ಮೆತ್ತಗಾಗ್ತದ. ಸಬಕಾರದ ನೀರು ಹಚ್ಚು," ಎಂದೆ.

ಅಪ್ಪ ನನ್ನನ್ನು ನೋಡಿದ. ಬಟ್ಟಲನ್ನು ಸರಿಸಿದ. ಬಕೆಟ್ಟಿನಲ್ಲಿ ಸಬಕಾರ ಕಲಸಿ ನೊರೆ ಎಬ್ಬಿಸಿದ. ರಬ್ಬರಿನ ವಿಷಯದಲ್ಲಿ ನನ್ನ ಮಾತಿಗೆ ಇಷ್ಟು ಬೆಲೆ ಇತ್ತು. ನನ್ನ ವಿಷಯದಲ್ಲಿ ಮಾತ್ರ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಬಾಗಿಲುಗಳ ರಬ್ಬರನ್ನು ನಾನೊಬ್ಬಳೇ ಸಲ್ಯೂಷನ್ ಹಚ್ಚಿ ಅಂಟಿಸಿದೆ. ಅದನ್ನು ಎಳೆದು ಅಂಟಿಸಬಾರದು, ಎಳೆದರೆ ಮರುದಿನ ಮೂಲೆಯಲ್ಲಿ ಸಂದು ಬಿಡುತ್ತದೆ. ತುಸು ಒತ್ತಿ ಒತ್ತಿ ಹೆಚ್ಚಿಗೆ ತುರುಕಬೇಕು. ಆಮೇಲೆ ಮುಂದಿನ ದೊಡ್ಡ ಗಾಜು. ಗಾಜಿಗೆ ಸುತ್ತಲೂ ರಬ್ಬರು ತೊಡಿಸಿ, ಆ ರಬ್ಬರಿನ ಹೊರ ಅಂಚಿನ ಸೀಳಿನಲ್ಲಿ ಒಂದು ದಾರ ಕೂಡಿಸಬೇಕು. ದಾರಕ್ಕೆ ಅವ್ವನ ಲಂಗದ ಲಾಡಿ ತೆಗೆದುಕೊಂಡೆವು. ಗಾಜನ್ನು ಚೌಕಟ್ಟಿಗಿಟ್ಟು ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತಬೇಕು, ಒಳಗೆ ಕೂತವರು ಲಾಡಿಯನ್ನು ನಿಧಾನಕ್ಕೆ ಎಳೆಯುತ್ತ ಹೋಗಬೇಕು. ಆಗ ರಬ್ಬರಿನ ಅಂಚು ತಗಡಿನ ಮೇಲೆ ಹತ್ತಿ ಕೂಡುತ್ತದೆ.

ನಾನು ಒಳಗೆ ಕೂತು ಎಳೆಯುತ್ತಿದ್ದೆ. ಅಪ್ಪ ಹೊರಗೆ ಬಾನೆಟ್ಟಿನ ಮೇಲೆ ಬಗ್ಗಿ ಒತ್ತುತ್ತಿದ್ದ. ನಡುವೆ ಒಂದು ಗಾಜು. ಮೇಲಿನ ಮೂಲೆಗೆ ಬಂದಾಗ ಕೈ ಎತ್ತಬೇಕಾಯಿತು, ಕುಪ್ಪಸದ ತೋಳು ಹಿಂದೆ ಸರಿಯಿತು. ಮೊಣಕೈಯಿಂದ ಮೇಲಕ್ಕೆ ಬೆಲ್ಟಿನ ಬರೆ ಇತ್ತು, ಇನ್ನೂ ಹಸಿರುಗಟ್ಟಿತ್ತು. ಅಪ್ಪನ ಮುಖ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು. ಅವನು ಬರೆಯನ್ನು ನೋಡಿದ. ನಾನು ಅವನು ನೋಡುವುದನ್ನು ನೋಡಿದೆ. ಲಾಡಿ ಹಿಡಿದು ಹಾಗೆಯೇ ಕೂತೆ, ಈಗ ಏನಾದರೂ ಅನ್ನುತ್ತಾನೆ ಎಂದು.

"ಎಳಿ," ಎಂದ. "ನಿಂದ್ರಬ್ಯಾಡ, ಎಳಿ."

ಎಳೆದೆ. ಹಲ್ಲು ಕಚ್ಚಿ ಎಳೆದೆ. ಗಾಜು ಹದವಾಗಿ ಕೂತಿತು. ಅಪ್ಪ ಎರಡು ಕೊಡ ನೀರು ಸುರಿದು ನೋಡಿದ, ಒಂದು ಹನಿ ಒಳಗೆ ಬರಲಿಲ್ಲ. ಅವನ ಮುಖದ ಖುಷಿ ನೋಡಿ ಆ ಕೊಡವನ್ನೇ ಗಾಜಿಗೆ ಬೀಸಿ ಒಗೆಯಬೇಕೆನಿಸಿತು.

ಸೋಮವಾರ ಮಾವ, ಗಂಡ, ಗಂಡನ ಕಾಕಾ ಬಂದರು. ಪಡಸಾಲೆಯಲ್ಲಿ ಕೂತು ಚಹಾ ಕುಡಿದರು. "ಶರಣರ ಮನಿತನ ನಿಮ್ದು. ಮಗಳು ಹಿಂಗ ತವರಮನ್ಯಾಗ ಕುಂತ್ರ ಛಂದ ಕಾಣಂಗಿಲ್ರಿ," ಎಂದ ಕಾಕಾ. ಅಪ್ಪ ಹೌದ್ರಿ ಹೌದ್ರಿ ಎಂದ. ಬೆಲ್ಟಿನ ಮಾತು ಯಾರೂ ಎತ್ತಲಿಲ್ಲ. ಆಮೇಲೆ ಅಪ್ಪ ಎಲ್ಲರನ್ನೂ ಹೊರಗೆ ಕರೆದು ಗಾಡಿ ತೋರಿಸಿದ. "ಬರ್ರಿ ಅಳಿಯಂದಿರ, ನೋಡ್ರಿ, ಹೆಂಗ ಕುಂತದ," ಎಂದು ರಬ್ಬರಿನ ಮೇಲೆ ಕೈಯಾಡಿಸಿದ. ಚಾಲೂ ಮಾಡಿ ಕೇಳಿಸಿದ, ಬಂದ್ ಮಾಡಿದ, ಕೀಲಿಯನ್ನು ಅದರಲ್ಲಿಯೇ ಬಿಟ್ಟು ಇಳಿದ. ನನ್ನ ಬ್ಯಾಗನ್ನು ಸೀಟಿನ ಹಿಂದೆ ಇಟ್ಟ.

"ಹತ್ತ ಬೇ, ಹೊತ್ತಾಗ್ತದ."

ಹತ್ತಿದೆ. ನನ್ನ ಕಡೆಯ ಬಾಗಿಲು ಹಾಕಿಕೊಂಡೆ, ಲಾಕಿನ ಗುಂಡಿ ಒತ್ತಿದೆ. ಬಗ್ಗಿ ಆ ಕಡೆಯ ಬಾಗಿಲನ್ನೂ ಎಳೆದು ಅದರ ಗುಂಡಿಯನ್ನೂ ಒತ್ತಿದೆ. ಮೊದಲೇ ಯೋಚಿಸಿದ್ದಲ್ಲ. ಕೀಲಿ ಕಣ್ಣಿಗೆ ಬಿತ್ತು, ಕೈ ತಾನೇ ಹೋಯಿತು. ಆ ಗಾಡಿಗೆ ಇನ್ನೊಂದು ಕೀಲಿ ಇರಲಿಲ್ಲ.

ಅಪ್ಪ ಮೊದಲು ನಕ್ಕ. ಆಮೇಲೆ ಹಿಡಿಕೆ ಜಗ್ಗಿದ, ಆಮೇಲೆ ಗಾಜು ಬಡಿದ. ನಾಲ್ವರು ಗಂಡಸರು ಸುತ್ತ ನಿಂತು ಒದರಿದರು. ಬಾಗಿಲಿನ ರಬ್ಬರನ್ನು ನಾನು ಚೆನ್ನಾಗಿಯೇ ಅಂಟಿಸಿದ್ದೆ, ಅವರ ಒದರಾಟ ದೂರದ ಮನೆಯ ರೇಡಿಯೋದಷ್ಟು ಕೇಳುತ್ತಿತ್ತು. ಮೋಡ ಕವಿದಿತ್ತು, ಆದರೂ ಒಳಗೆ ಬೆವರು ಇಳಿಯುತ್ತಿತ್ತು. ನಾನು ಇಳಿಯುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಹಾಗೆ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ.

ಗಂಡ ಜೀಪಿಗೆ ಹೋಗಿ ಚಾಕು ತಂದ. ಅವನೂ ಇದೇ ಧಂದೆಯವನು, ರಬ್ಬರಿನ ಅಂಚು ಕೊಯ್ದರೆ ಇಡೀ ಗಾಜು ಕೈಗೆ ಬರುತ್ತದೆ ಎಂದು ಬಲ್ಲ. ಬಾನೆಟ್ಟಿನ ಮೇಲೆ ಮೊಣಕಾಲೂರಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಕೆಳಗಿನ ಮೂಲೆಗೆ ಚಾಕು ತೂರಿಸಿದ. ಗಾಜು ತೆಗೆದ ಮೇಲೆ ಏನು ಮಾಡುತ್ತಾನೆಂದು ಆ ಕಣ್ಣು ಹೇಳುತ್ತಿತ್ತು.

ಅಷ್ಟರಲ್ಲಿ ಅಪ್ಪ ಅವನ ರಟ್ಟೆ ಹಿಡಿದು ಕೆಳಗೆ ಜಗ್ಗಿದ. ಅವನ ಕೂಗು ರಬ್ಬರು ದಾಟಿ ನನಗೂ ಕೇಳಿತು.

"ಏ ಮಗನಽ! ರಬ್ಬರಿಗೆ ಕೈ ಹಚ್ಚಿದ್ರ ಕೈ ಮುರಿತೇನಿ ನೋಡು!"

ನಾಲ್ಕು ವರ್ಷ ಅಳಿಯನಿಗೆ ರೀ ಬಿಟ್ಟು ಮಾತಾಡದವನು. ಮಾವ ತಲೆಯ ಪಟಗ ಸರಿಮಾಡಿಕೊಂಡು, ಇಂಥ ಅಪಮಾನ ಎಂದೂ ಆಗಿದ್ದಿಲ್ಲ ಎಂದು ಜೀಪು ಹತ್ತಿದ. ಗಂಡನನ್ನು ಕಾಕಾ ಎಳೆದುಕೊಂಡು ಹೋದ. ಜೀಪು ತಿರುವು ದಾಟಿದ ಮೇಲೆ ನಾನು ಗುಂಡಿ ಎತ್ತಿ ಇಳಿದೆ. ಅಪ್ಪ ಟವೆಲ್ಲಿನಿಂದ ಗಾಜಿನ ಮೂಲೆ ಒರೆಸುತ್ತಿದ್ದ, ಹೆಬ್ಬೆರಳಿನಿಂದ ರಬ್ಬರು ಒತ್ತಿ ನೋಡುತ್ತಿದ್ದ.

"ಸಣ್ಣಂಗ ಕೊಯ್ದಾನ," ಎಂದ. "ಸಲ್ಯೂಷನ್ ಹಚ್ಚಿದ್ರ ಕೂಡ್ತದ."

ನಾನು ಮತ್ತೆ ಅಫಜಲಪುರಕ್ಕೆ ಹೋಗಲಿಲ್ಲ. ಅವರೂ ಕರೆಯಲು ಬರಲಿಲ್ಲ. ಅಪ್ಪ ಮಗಳ ಮಾನ ಉಳಿಸಿದ ಎಂದು ಓಣಿಯವರು ಇಂದಿಗೂ ಹೊಗಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಬಹಳ ವರ್ಷದ ಮೇಲೆ, ಅವನು ಹಾಸಿಗೆ ಹಿಡಿಯುವ ಮೊದಲು, ಒಂದು ಸಂಜೆ ನೇರವಾಗಿ ಕೇಳಿದೆ.

"ಅವತ್ತ ಅವನ ಕೈ ಹಿಡ್ದದ್ದು ನನ್ನ ಸಲುವಾಗೇನು, ರಬ್ಬರಿನ ಸಲುವಾಗೇನು?"

"ಚಾಕು ಹಿಡದಿದ್ದ ಬೇ ಅವ. ನೀ ಒಳಗಿದ್ದಿ," ಎಂದ.

"ನಾಕ ವರ್ಷ ಅವನ ಮನ್ಯಾಗೂ ನಾನ ಒಳಗಿದ್ದೆ ಅಪ್ಪಾ."

ಅಪ್ಪ ಟವೆಲ್ಲು ಕೈಗೆ ತೆಗೆದುಕೊಂಡ. ಎದ್ದು ಹಿತ್ತಲಿಗೆ ಹೋದ. ಗಾಡಿಗೆ ನೀರು ಸುರಿಯುವ ಸಪ್ಪಳ ಬಹಳ ಹೊತ್ತು ಕೇಳುತ್ತಿತ್ತು.