ಹೂಬೀಜದ ಶೇಖಮ್ಮನ ಅತ್ತೆ

ಹಿರೇಕೊಟ್ನೆಕಲ್ಲಿನಲ್ಲಿ ಶೇಖಮ್ಮನ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ಆ ಕಡೆ ಸೌಟು ಬಿದ್ದರೆ ಈ ಕಡೆ ನನಗೆ ಕೇಳುತ್ತಿತ್ತು. ಹಾಗಾಗಿ ನಾನು ಹೇಳುವುದರಲ್ಲಿ ಕದ್ದು ಕೇಳಿದ್ದು ಯಾವುದೂ ಇಲ್ಲ, ತಾನಾಗಿ ಕಿವಿಗೆ ಬಿದ್ದದ್ದು ಅಷ್ಟೇ.

ಶೇಖಮ್ಮನ ಗಂಡ ಸೂಗಪ್ಪ ಸಿರವಾರದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಬಾವಿಯ ಮಗ್ಗುಲಲ್ಲಿ ಅವರಿಗೆ ಅಂಗೈಯಗಲದ ಹೊಲ. ಊರೆಲ್ಲ ಕಾಲುವೆ ನೀರಿಗೆ ಭತ್ತ ಹಚ್ಚುತ್ತಿದ್ದ ಎಪ್ಪತ್ತರ ದಶಕದಲ್ಲಿ ಈ ಹೆಣ್ಣು ಆ ತುಂಡು ನೆಲದಲ್ಲಿ ಹೂ ಹಾಕಿತು. ಮೊದಮೊದಲು ಹೂವನ್ನೇ ಬುಟ್ಟಿ ತುಂಬಿ ರಾಯಚೂರಿಗೆ ಒಯ್ಯುತ್ತಿದ್ದಳು. ಬಸ್ಸು ತಡವಾದ ದಿನ ಹೂವೂ ಬಾಡುತ್ತಿತ್ತು, ಇವಳ ಮುಖವೂ ಬಾಡುತ್ತಿತ್ತು. ಅಲ್ಲಿ ತೀನ್ ಕಂದೀಲ್ ವೃತ್ತದ ಹತ್ತಿರ ಹೂ ಕಟ್ಟುತ್ತಿದ್ದ ಮುನ್ನೀ ಬೀ ಒಂದು ದಿನ, "ಹೂವಿನ ಬದ್ಲಿ ಬೀಜ ತಾ ಬೇ. ಬೀಜ ಬಸ್ಸಿಗೆ ಕಾಯ್ತದ, ಹೂ ಕಾಯಂಗಿಲ್ಲ. ಹೂ ಬೆಳ್ಯೋರು ದಿನಾ ನನ್ನ ಕೇಳ್ತಾರ" ಎಂದಳು.

ಅಂದಿನಿಂದ ಶೇಖಮ್ಮ ಹೂ ಕೀಳುವುದನ್ನೇ ಬಿಟ್ಟಳು. ಚೆಂಡುಹೂ ಗಿಡದಲ್ಲೇ ಒಣಗುವುದನ್ನು ಕಂಡ ಊರವರು, ದೇವರಿಗೂ ಇಲ್ಲ ಮುಡಿಗೂ ಇಲ್ಲ, ಸೂಗಪ್ಪನ ಹೆಂಡತಿಗೆ ತಲೆ ಕೆಟ್ಟಿದೆ ಎಂದರು. ನಾನೂ ಎಂದೆ. ಆದರೆ ವರ್ಷ ಕಳೆಯುವುದರೊಳಗೆ ಮಾನ್ವಿ, ದೇವದುರ್ಗದ ಸಂತೆಗಳಲ್ಲಿ ಅವಳ ಬೀಜದ ಪೊಟ್ಟಣಗಳನ್ನು ಜನ ಹುಡುಕಿಕೊಂಡು ಬರತೊಡಗಿದರು.

ಎಲ್ಲಕ್ಕಿಂತ ಬೇಡಿಕೆ ಕನಕಾಂಬರದ ಬೀಜಕ್ಕೆ. ಕಾಡುವುದೂ ಅದೇ. ಅದರ ಒಣ ತೆನೆಗೆ ನೀರು ತಾಗಿದರೆ ಸಾಕು, ಕಾಯಿ ಚಟ್ಟೆಂದು ಸಿಡಿದು ಬೀಜ ಮಾರುದೂರ ಹಾರುತ್ತದೆ. ಅದಕ್ಕೇ ತೆನೆಗಳನ್ನು ಚಾಪೆಯ ಮೇಲೆ ಹರವಿ, ನೀರು ಚಿಮುಕಿಸಿ, ತಕ್ಷಣ ಹಳೆ ಸೀರೆ ಮುಚ್ಚಬೇಕು. ಒಳಗೆ ಸಿಡಿಯುವುದೆಲ್ಲ ಸಿಡಿದ ಮೇಲೆ ತೆಗೆಯಬೇಕು. ಶೇಖಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿ? ಮೊದಲೇ ಸೀರೆ ಎತ್ತುವಳು, ಬೀಜ ಹಾರುವುದು, ಆಮೇಲೆ ಅಂಗಳವೆಲ್ಲ ಹುಡುಕಾಟ.

ಮನೆಯಲ್ಲಿದ್ದ ಇನ್ನೊಂದು ಜೀವ ಅತ್ತೆ ಮಾನಮ್ಮ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವ ಗಾದೆ ಆ ಹೊಸ್ತಿಲು ದಾಟಿರಲಿಲ್ಲ. ತಾಯಿಯಿಲ್ಲದೆ ಬೆಳೆದ ಶೇಖಮ್ಮನಿಗೆ ಹೆರಳು ಹಾಕಿಕೊಳ್ಳಲು ಕಲಿಸಿದವಳೇ ಆಕೆ. ಈಗ ಮುದುಕಿಯ ಕಣ್ಣು ಮಂಜಾಗಿತ್ತು. ಒಲೆಯ ಕೆಲಸ ಕೈತಪ್ಪಿತು, ನೀರಿನ ಕೆಲಸವೂ ತಪ್ಪಿತು. ಉಳಿದದ್ದು ಬೆಳಿಗ್ಗೆ ಅಂಗಳಕ್ಕೆ ಸೆಗಣಿ ನೀರಿನ ಥಳಿ ಹೊಡೆಯುವುದೊಂದೇ. ಅದನ್ನು ಮಾತ್ರ ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆ. ತಿಂಗಳುಗಟ್ಟಲೆ ಕೂಡಿಟ್ಟ ತೆನೆಗಳಿಗೆ ಒಂದಿಷ್ಟು ಬಿಸಿಲು ತೋರಿಸೋಣವೆಂದು ಶೇಖಮ್ಮ ಬೆಳಿಗ್ಗೆಯೇ ಅಂಗಳದಲ್ಲಿ ಹರವಿ, ಕೊಡ ಹಿಡಿದು ಬಾವಿಗೆ ಹೋದಳು. ಅತ್ತೆಗೆ ಹೇಳುವುದು ಮರೆತಳು. ಮುದುಕಿ ಎದ್ದು ಬಂದು, ಎಂದಿನಂತೆ ಕೈತುಂಬ ಥಳಿ ಹೊಡೆದಳು. ಅಂಗಳವೆಲ್ಲ ಚಟಪಟ ಎನ್ನತೊಡಗಿತು. ಮಾನಮ್ಮನಿಗೆ ಖುಷಿ. ಗೋಡೆಯಾಚೆಯಿಂದ ನನ್ನನ್ನೇ ಕೇಳಿದಳು: "ಯವ್ವಾ, ಇಷ್ಟು ಲಗೂನ ಜ್ವಾಳದ ಅಳ್ಳು ಹುರಿಯಾಕತ್ತೀ ಏನು?"

ನಾನು ಓಡಿ ಹೋದೆ, ಶೇಖಮ್ಮನೂ ಬಂದಳು. ಬೀಜವೆಲ್ಲ ಸೆಗಣಿ ನೀರಿನಲ್ಲಿ ಅಂಟಿ ಮಣ್ಣುಪಾಲಾಗಿತ್ತು. ಉಳಿದದ್ದಕ್ಕೆ ಕೋಳಿಗಳು ನೆಂಟರಾಗಿದ್ದವು.

"ನಿನಗ ಯಾರು ಕೆಲಸ ಹೇಳ್ಯಾರ ಅತ್ತೀ? ಸುಮ್ನ ಕುಂತು ಉಣ್ಣಾಕ ಏನಾಗ್ಯದ?" ಎಂದುಬಿಟ್ಟಳು ಶೇಖಮ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾನಮ್ಮ ಅಳಲಿಲ್ಲ, ಬೈಯಲಿಲ್ಲ. ಸಂಜೆ ಮಗ ಬಂದಾಗ, "ನನ್ನ ದೇವದುರ್ಗಕ್ಕ ಅಮರಿ ಮನಿಗೆ ಬಿಟ್ಟು ಬಾ. ಕುಂತು ಉಣ್ಣಾದಾದ್ರ ಮಗಳ ಮನ್ಯಾಗ ಉಣ್ತೀನಿ" ಎಂದಳು. ಶೇಖಮ್ಮ ಕಾಲು ಹಿಡಿದುಕೊಂಡಳು. ಮುದುಕಿ ಜಗ್ಗಲಿಲ್ಲ, ಮರುದಿನದ ಬಸ್ಸಿಗೆ ಹೊರಟೇಬಿಟ್ಟಳು.

ಆಮೇಲೆ ಆ ಮನೆಯನ್ನು ನೋಡಲಾಗುತ್ತಿರಲಿಲ್ಲ. ನನಗೇ ಹೀಗಾದರೆ ಶೇಖಮ್ಮನ ಪಾಡು ಕೇಳಬೇಕೆ? ಕರೆಯಲು ಹೋದಾಗಲೆಲ್ಲ ಅತ್ತೆ ಪ್ರೀತಿಯಿಂದಲೇ ರೊಟ್ಟಿ ತಿನ್ನಿಸಿ, "ನಿನ್ನ ಮ್ಯಾಲ ಸಿಟ್ಟಿಲ್ಲ ಯವ್ವಾ. ಆದ್ರ ಅಲ್ಲಿ ನಾ ಯಾಕ ಬೇಕು, ಹೇಳು" ಎಂದು ಕೇಳುತ್ತಿದ್ದಳು. ಶೇಖಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಏಳುತ್ತಿದ್ದಳು. ಒಬ್ಬಳೇ ತಿರುಗಿ ಬರುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ದೇವದುರ್ಗದ ಸಂತೆಗೆ ನನ್ನನ್ನೂ ಜೊತೆಗೆ ಕರೆದಳು. ಬೀಜದ ಚೀಲದೊಂದಿಗೆ ಇನ್ನೂ ಬಿಡಿಸದ ತೆನೆಗಳ ಗಂಟೂ ಇತ್ತು. ಸಂತೆ ಕೂಡುವುದರೊಳಗೆ ಬಿಡಿಸಿಕೊಳ್ಳೋಣವೆಂದು ನಾದಿನಿ ಅಮರಮ್ಮನ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ, ತೆನೆ ಹರವಿ, ನೀರು ಚಿಮುಕಿಸಿ ಸೀರೆ ಮುಚ್ಚಿದಳು. ಮಾನಮ್ಮ ಅಲ್ಲೇ ಬಾಗಿಲಿಗೆ ಒರಗಿ ಕೂತಿದ್ದಳು. ಚಟಪಟ ಸದ್ದು ತುಸು ಇಳಿದದ್ದೇ ತಡ, ಶೇಖಮ್ಮ ಸೀರೆ ಎತ್ತಿದಳು. ಬೀಜ ನನ್ನ ಮೂಗಿಗೇ ಬಡಿಯಿತು.

"ಮುಚ್ಚು ಬೇ!" ಎಂದು ಮುದುಕಿ ಕೂಗಿದಳು. ತಲೆ ಓರೆ ಮಾಡಿ ಕಿವಿಗೊಟ್ಟಳು. "ತಡಿ. ಆ ತುದ್ಯಾಗ ಇನ್ನೂ ಸಿಡಿಯಾಕತ್ತಾವ."

ಸಂತೆಗೆ ಹೊರಟ ಎತ್ತಿನ ಬಂಡಿಗಳ ಗದ್ದಲದಲ್ಲಿ ನಮಗೆ ಏನೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಕೆಯೇ, "ಹೂಂ, ಈಗ ತಗಿ" ಎಂದಳು. ತೆಗೆದರೆ ಒಂದು ಬೀಜವೂ ಹಾರಲಿಲ್ಲ. ಎಲ್ಲವೂ ಚಾಪೆಯ ಮೇಲೆಯೇ ಬಿದ್ದಿತ್ತು. ಶೇಖಮ್ಮ ಒಂದು ಹಿಡಿ ಬೀಜ ಬಳಿದು ಅತ್ತೆಯ ಅಂಗೈಗೆ ಹಾಕಿ, ಬೆರಳು ಮಡಚಿ, "ಯಾಕ ಬೇಕು ಅಂತ ಕೇಳ್ತಿದ್ಯಲ್ಲ ಅತ್ತೀ" ಎಂದಳು.

ಬೇಕೆಂದೇ ಸೀರೆ ಎತ್ತಿದೆಯಾ ಎಂದು ಅವಳನ್ನು ನಾನು ಆಮೇಲೆ ಎಷ್ಟೋ ಸಲ ಕೆಣಕಿದ್ದೇನೆ. ನಗುತ್ತಾಳೆ, ಬಾಯಿ ಬಿಡುವುದಿಲ್ಲ. ಅಷ್ಟು ಜಾಣತನ ಅವಳಿಗೆ ಎಲ್ಲಿಂದ ಬರಬೇಕು? ಅವಳ ಅವಸರವೇ ಅವಳನ್ನು ಕಾಯಿತು ಎಂದು ನನ್ನ ಲೆಕ್ಕ.

ಆ ದಿನ ಮಾನಮ್ಮ ಬೀಜಗಳನ್ನು ಬೆರಳಲ್ಲಿ ಆಡಿಸಿ ನೋಡಿದಳು. ಆಮೇಲೆ ಮಗಳನ್ನು ಕರೆದು, ತನ್ನ ಸೀರೆಗಳನ್ನು ಗಂಟು ಕಟ್ಟಿಕೊಡಲು ಹೇಳಿದಳು. ಅಮರಮ್ಮನ ಮುಖ ಸಣ್ಣದಾಯಿತು. ಇಷ್ಟು ತಿಂಗಳು ಮುದುಕಿಯನ್ನು ಸಾಕಿದ್ದಳಲ್ಲ, ಅವಳಿಗೂ ತಾಯಿಯೇ ಅಲ್ಲವೇ? ಗಂಟು ಕಟ್ಟುತ್ತ ಕೇಳಿದಳು: "ತಿರುಗಿ ಯಾವಾಗ ಬರ್ತಿ ಯವ್ವಾ?"

"ತೆನಿ ಬಿಡಿಸಾದು ಮುಗೀಲಿ, ಬರ್ತೀನಿ."

ಅಮರಮ್ಮ ಆಗಲಿ ಎಂದು ತಲೆಯಾಡಿಸಿದಳು. ಕನಕಾಂಬರ ಹನ್ನೆರಡು ತಿಂಗಳೂ ಹೂ ಬಿಡುವ ಗಿಡ, ಅದರ ತೆನೆ ಮುಗಿಯುವುದು ಎನ್ನುವುದೇ ಇಲ್ಲ. ಅದು ಮಾನಮ್ಮನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.