ತಪ್ಪೆಂದು ಬರೆದವರ ಮನೆಗೆ

ನಾನು ಹೆಸರುಬೇಳೆ ನೆನೆಹಾಕುತ್ತಿದ್ದ ಸಂಜೆ ಮೆಹಬೂಬ್ ಅಂಕಲ್ ಫೋನ್ ಮಾಡಿ, ನಮ್ಮ ಪತ್ರಿಕೆಗೆ ಸೊನ್ನೆ ಬಂದಿದೆ ಎಂದರು. ಮನೆಯ ಮಗು ನಪಾಸಾದ ಸುದ್ದಿ ಹೇಳುವಂತಿತ್ತು ಅವರ ದನಿ.

ಬಾಗಲಕೋಟೆಯ ಕಡೆಯವರಾದ ಅಂಕಲ್ ಇಲ್ಲಿ ಅಮೆರಿಕದ ಓಕ್ ಬ್ರೂಕ್‌ನಲ್ಲಿ ಔಷಧದ ಅಂಗಡಿ ನಡೆಸಿ ನಿವೃತ್ತರಾದವರು; ವರ್ಷಕ್ಕೆರಡು ಸಲ ಬರುವ ಕನ್ನಡ ಸಾಹಿತ್ಯ ಅಧ್ಯಯನದ ಪತ್ರಿಕೆಯೊಂದರ ಸಂಪಾದಕರು. ಇಟಾಸ್ಕಾದ ಆಫೀಸಿನಲ್ಲಿ ಅಂಕಿಗಳ ಜೊತೆ ಹೆಣಗುವ ನಾನು ವಾರಾಂತ್ಯದಲ್ಲಿ ಅದರ ಕರಡು ತಿದ್ದುತ್ತೇನೆ. ನಮ್ಮ ಹಳೆಯ ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಕಾಪಾಡುತ್ತಿದ್ದ ಗ್ರಂಥಾಲಯವು, ಬೇರೆ ಲೇಖಕರು ನಮ್ಮ ಲೇಖನಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಯಂತ್ರದಿಂದ ಎಣಿಸಿ ನೋಡಿತ್ತು. ಉಲ್ಲೇಖವೇ ಇಲ್ಲದ ಪತ್ರಿಕೆಗೆ ಜಾಗವೇಕೆ ಎಂಬುದು ಅವರ ಪ್ರಶ್ನೆ. ತಿಂಗಳೊಳಗೆ ಉತ್ತರ ಕೊಡಬೇಕಿತ್ತು.

ಓದುಗ ಮಿತ್ರರೇ, ಕನ್ನಡ ಲಿಪಿ ಬಾರದವನ ಕೈಯಲ್ಲಿ ಕನ್ನಡ ಪುಸ್ತಕಗಳನ್ನು ಎಣಿಸಲು ಕೊಟ್ಟರೆ ಇನ್ನೇನಾದೀತು? ಆ ಯಂತ್ರಕ್ಕೆ ನಮ್ಮ ಅಕ್ಷರವೇ ತಿಳಿಯದು. ಹಾಗಾದರೆ ನಾನೇ ಎಣಿಸುತ್ತೇನೆಂದು ಹಟ ಹಿಡಿದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ಅಂತರ್ಜಾಲಕ್ಕೆ ಏರಿಸಿರುವ ಸಂಶೋಧನ ಪ್ರಬಂಧಗಳನ್ನು ತೆರೆದು, ಓರೆಯಾಗಿ ಸ್ಕ್ಯಾನಾದ ಪುಟಗಳ ಅಡಿಟಿಪ್ಪಣಿಗಳಲ್ಲಿ ಕಣ್ಣು ನೆಟ್ಟೆ. ಮೊದಲ ಉಲ್ಲೇಖ ಕಂಡಾಗ ಆಫೀಸಿನ ಊಟದ ಕೋಣೆಯಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ. ಆಮೇಲೆ ಒಂದೊಂದಾಗಿ ಸಿಗತೊಡಗಿದವು. ಬೀದರಿನಲ್ಲೊಬ್ಬರು, ಮಂಗಳೂರಿನಲ್ಲೊಬ್ಬರು ನಮ್ಮನ್ನು ಓದಿದ್ದರು, ನಮಗೇ ಗೊತ್ತಿರಲಿಲ್ಲ!

ಒಂದು ಪ್ರಬಂಧ ಮಾತ್ರ ನನ್ನನ್ನು ಪೇಚಿಗೆ ಸಿಕ್ಕಿಸಿತು. ಮೊಹರಮ್ ಹಬ್ಬದಲ್ಲಿ ಕುಣಿತದ ಜೊತೆ ಹಾಡುವ ಪದಗಳಲ್ಲಿ ಮರಳಿ ಮರಳಿ ಬರುವ ಪಲ್ಲವಿಯ ಒಂದು ಸೊಲ್ಲು ಬರೀ ರಾಗ ತುಂಬಲು ಇದೆಯೆಂದು ಅಂಕಲ್ ಹಿಂದೆ ಬರೆದಿದ್ದರು. ಶಿವಲೀಲಾ ಎಂಬುವವರು ಅದನ್ನು ತಪ್ಪೆಂದು ಸಾಧಿಸಿದ್ದರು. ಹೆದರುತ್ತಲೇ ಹೇಳಿದೆ.

"ಅಂಕಲ್, ಒಂದು ಸಿಕ್ಕಿದೆ, ಆದ್ರೆ ನಿಮ್ಮನ್ನ ಹೊಗಳಿಲ್ಲ."

ಅವರು ಆ ಪುಟಗಳನ್ನು ಎರಡು ಸಲ ಓದಿದರು. "ನಾಕ್ ಪುಟ ನನ್ನ ಜೋಡಿ ಜಗಳಾಡ್ಯಾಳ," ಎಂದರು, ಮುಖ ಅರಳಿತ್ತು. "ಅಂದ್ರ ಪೂರ್ತಿ ಓದ್ಯಾಳ. ಎಲ್ಲಿರ್ತಾಳಂತ ಹುಡುಕವಾ."

ಹುಡುಕಿದರೆ, ಆಕೆ ಡಾಕ್ಟರ್ ಗಂಡನೊಂದಿಗೆ ನಮ್ಮಿಂದ ಐದು ತಾಸಿನ ದಾರಿಯ ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲೇ ಇದ್ದರು. ಫೋನಿನಲ್ಲಿ ತಿಳಿಸಿ ಶನಿವಾರ ಬೆಳಿಗ್ಗೆಯೇ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅಂಕಲ್ ತಮ್ಮ ವಾದವನ್ನು ಮಸೆಯುತ್ತಿದ್ದರು. ಅವರ ಮಾತಿನ ರಭಸಕ್ಕೆ ಹೆದ್ದಾರಿಯಿಂದ ಇಳಿಯಬೇಕಿದ್ದ ಒಂದು ಎಕ್ಸಿಟ್ ತಪ್ಪಿಸಿಕೊಂಡೆ.

ಶಿವಲೀಲಾ ಬಾಗಿಲಲ್ಲಿ ತುಸು ಅಳುಕಿ ನಿಂತಿದ್ದರು. ಚಹಾ ಆರುವ ಮೊದಲೇ ಇಬ್ಬರ ವಾದ ಕಾವೇರಿತು. ಕೊನೆಗೆ ಆಕೆ ಎದ್ದು, ಸೋಫಾ ಸರಿಸಿ, ಕಾರ್ಪೆಟ್ಟಿನ ಮೇಲೆ ಹೆಜ್ಜೆ ಹಾಕುತ್ತ ಪದ ಹಾಡಿದರು. ಆ ಸೊಲ್ಲು ಬಂದಲ್ಲೆಲ್ಲ ಕಾಲು ತಿರುಗಿತು. ಅದು ರಾಗದ ಭರ್ತಿಯಲ್ಲ, ಕುಣಿಯುವವರಿಗೆ ಕೊಟ್ಟ ಸೂಚನೆ! ಮಂಡಿನೋವಿನ ಅಂಕಲ್ ಕೂಡ ಎದ್ದು ಅವರ ಹಿಂದೆ ಹೆಜ್ಜೆಯಿಟ್ಟರು. ಮೂರನೆಯ ಸುತ್ತಿಗೆ ಅವರ ಕಾಲೂ ತಾನಾಗಿ ತಿರುಗಿತು. ಅಲ್ಲೇ ನಿಂತುಬಿಟ್ಟರು.

"ಹೌದವಾ. ನಂದು ತಪ್ಪು."

ಶಿವಲೀಲಾ ಕಣ್ಣೊರೆಸಿಕೊಂಡರು. "ಗೈಡ್ ಬಿಟ್ರ ನನ್ನ ಪ್ರಬಂಧ ಯಾರೂ ಓದಿದ್ದಿಲ್ರಿ," ಎಂದರು.

ಆ ಕ್ಷಣದ ಸಂಭ್ರಮವನ್ನು ನಾನು ಯಾವ ಕೋಷ್ಟಕದಲ್ಲಿ ತುಂಬಲಿ? ಉಲ್ಲೇಖವೆಂದರೆ ಅಂಕಿಯೆಂದು ತಿಳಿದಿದ್ದೆ. ಅದು ಓದಿದವರೊಬ್ಬರು ಓಗೊಡುವ ದನಿಯೆಂದು ಅಂದು ತಿಳಿಯಿತು. ಪಟ್ಟಿಯನ್ನು ಪುಟಸಂಖ್ಯೆಗಳ ಸಮೇತ ಕಳಿಸಿದೆವು. ಗ್ರಂಥಾಲಯದವರು ಕೆಲವನ್ನು ತಾವೇ ತೆಗೆದು ತಾಳೆ ನೋಡಿ, ಪತ್ರಿಕೆಯನ್ನು ಉಳಿಸಿಕೊಳ್ಳುವುದಾಗಿ ಬರೆದರು.

ಮುಂದಿನ ಸಂಚಿಕೆಗೆ ಅಂಕಲ್ ತಮ್ಮ ತಪ್ಪನ್ನು ಒಪ್ಪಿ ಲೇಖನ ಬರೆದರು. ಕರಡು ತಿದ್ದಲು ಕೊಡುವಾಗ ಮೊದಲ ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, "ಆಕಿ ಹೆಸರು ಬರೋಬ್ಬರಿ ಐತೇನ್ ನೋಡವಾ," ಎಂದರು. ನೋಡಿದೆ. ಶಿವಲೀಲಾ ಎಂಬಲ್ಲಿ ಲೀ ದೀರ್ಘವಾಗಿಯೇ ಇತ್ತು.